ಅಪ್ಪನ ಹಳೆಯ ರುಜು

ಗುದೈಬಿಯಾ, ಬಹರೈನ್
14 ನವೆಂಬರ್ 1996, ಗುರುವಾರ

ನನ್ನ ಅಮ್ಮನಿಗೆ, ದೂರದಲ್ಲಿರುವ ವಿನಿತಾಳ ಪ್ರೀತಿ.

ಮೊದಲು ತಪ್ಪೊಪ್ಪಿಗೆ. ಅಪ್ಪನ ಕೆಲಸ ಹೋಗಿ ಎರಡು ತಿಂಗಳಾಯಿತು. 'ಈಗ ಓವರ್‌ಟೈಮ್ ಇಲ್ಲ' ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆನಲ್ಲ, ಅದು ಅರ್ಧ ಸತ್ಯ. ಕೆಲಸವೇ ಇರಲಿಲ್ಲ. ನಿನಗೆ ತಿಳಿಸಬಾರದೆಂದು ಅಪ್ಪ ಆಣೆ ಹಾಕಿಸಿದ್ದರು. ಈಗ ಬರೆಯಬಹುದು, ಯಾಕೆಂದರೆ ನಿನ್ನೆ ನಾವು ಗೆದ್ದೆವು.

ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕೆಲಸ ಕಡಿಮೆಯಾಗಿದೆಯೆಂದು ಆರು ಜನರನ್ನು ತೆಗೆದರು. ಇಲ್ಲಿಯ ಕಾನೂನಿನ ಪ್ರಕಾರ, ಕಂಪನಿಯೇ ತೆಗೆದರೆ ಹದಿನೈದು ವರ್ಷದ ಸೇವೆಗೆ ಪೂರ್ತಿ ಪರಿಹಾರ ಕೊಡಬೇಕು. ನಾವಾಗಿಯೇ ಬಿಟ್ಟರೆ ಅದರಲ್ಲಿ ಒಂದು ಪಾಲು ಮಾತ್ರ. ಕಂಪನಿಯವರು ಒಂದು ಅರಬ್ಬಿ ಕಾಗದ ತೆಗೆದು ತೋರಿಸಿದರು: ಕೊರಗ ಎಂಬವರು ಆಗಸ್ಟ್‌ನಲ್ಲಿ ತಾವಾಗಿಯೇ ರಾಜೀನಾಮೆ ಕೊಟ್ಟಿದ್ದಾರೆ. ಕೆಳಗೆ ಅಪ್ಪನದೇ ರುಜು. ಅದನ್ನು ನೋಡಿದ್ದೇ, ಊರಿನ ಪೇಟೆಯಲ್ಲಿ ಸ್ವಂತ ವೆಲ್ಡಿಂಗ್ ಅಂಗಡಿ ಹಾಕುತ್ತೇನೆ ಎಂದು ಹೇಳುತ್ತಿದ್ದರಲ್ಲ, ಆ ಮಾತನ್ನೇ ಅಪ್ಪ ಬಿಟ್ಟರು.

ನಾನು ಚಿಕ್ಕಮ್ಮನ ಬಾಣಂತನಕ್ಕೆ ಬಂದವಳು, ಮಗುವಿನ ಬಟ್ಟೆ ಮಡಚುತ್ತಾ ಆ ಕಾಗದದ ನಕಲನ್ನೇ ನೋಡುತ್ತಿದ್ದೆ. ಕಾರ್ಮಿಕ ಇಲಾಖೆಗೆ ದೂರು ಕೊಡೋಣ ಎಂದಾಗ ಕುಸುಮಾವತಿ ಚಿಕ್ಕಮ್ಮ ನಕ್ಕೇ ನಕ್ಕರು. "ಕೋಲ್ಡ್ ಸ್ಟೋರಿನ ಅಂಗಡಿಯವನ ಹತ್ರ ಮೊಸರು ಕೇಳ್ಲಿಕ್ಕೆ ಹೆದರುವವಳು, ಸರ್ಕಾರದ ಆಫೀಸಿಗೆ ಹೋಗ್ತಾಳಂತೆ!" ಅವರು ಹೇಳಿದ್ದು ನಿಜವೇ. ಆದರೂ ದೂರು ಬರೆದೆ, ಅಪ್ಪ ರುಜು ಹಾಕಿದರು. ಮೂರು ಸಲ ಹೋಗಿ ಬಂದೆವು. ಒಂದು ಸಲ ಫೋಟೋ ಇಲ್ಲ, ಇನ್ನೊಂದು ಸಲ ಕಂಪನಿಯವರೇ ಬರಲಿಲ್ಲ.

ನಿನ್ನೆ ಬಂದರು. ಕಂಪನಿಯ ಪರವಾಗಿ ಬಂದದ್ದು ಅಕೌಂಟೆಂಟ್ ರೊನಾಲ್ಡ್, ನಮ್ಮ ಮಂಗಳೂರು ಕಡೆಯವರೇ. ಅಧಿಕಾರಿಯ ಎದುರಿಗೇ ಅಪ್ಪನ ಕಡೆ ಬಾಗಿ, "ಕೊಟ್ಟದ್ದು ತಕ್ಕೊಳ್ಳಿ ಮಾರಾಯ್ರೆ. ನೀವೇ ರುಜು ಹಾಕಿದ್ದಲ್ವಾ? ಮಗಳನ್ನು ಯಾಕೆ ಕರ್ಕೊಂಡು ಬಂದ್ರಿ, ಪದ್ಯ ಹೇಳ್ಲಿಕ್ಕಾ?" ಎಂದರು.

ಆಗ ಅಪ್ಪ ಎದ್ದು ನಿಂತರು ನೋಡು! ಅಧಿಕಾರಿಗೆ ನಮಗಿಂತ ಚೆನ್ನಾಗಿ ಹಿಂದಿ ಬರುತ್ತಿತ್ತು. ಅಪ್ಪ ಹಿಂದಿಯಲ್ಲೇ ಹೇಳಿದರು: ನನ್ನ ಪಾಸ್‌ಪೋರ್ಟ್ ಕಂಪನಿಯವರೇ ಇಟ್ಟುಕೊಂಡಿದ್ದಾರೆ, ಇವರ ಬ್ಯಾಗಿನಲ್ಲೇ ಇದೆ, ತೆಗೆಸಿ ಸಾಬ್, ರುಜು ನೋಡಿ.

ನಿನಗೆ ನೆನಪಿದೆಯಾ ಅಮ್ಮ? 1993ರಲ್ಲಿ ಪಾಸ್‌ಪೋರ್ಟ್ ಹೊಸದು ಮಾಡಿಸುವಾಗ ಇಂಗ್ಲಿಷ್ ರುಜು ಕಲಿಯಬೇಕೆಂದು ಅಪ್ಪನಿಗೆ ಹಠ ಬಂದಿತ್ತು. ನಾನು ಗೆರೆ ಹಾಳೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು ಬರೆದು ಕಳಿಸಿದ್ದೆ. ಹಾಳೆ ತುಂಬಿದ ಮೇಲೆ ಕಬ್ಬಿಣದ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿದರಂತೆ. ಅಂದಿನಿಂದ ಪಾಸ್‌ಪೋರ್ಟಿನಲ್ಲಿ, ಬ್ಯಾಂಕಿನಲ್ಲಿ, ಸಂಬಳದ ಪಟ್ಟಿಯಲ್ಲಿ, ಎಲ್ಲೆಲ್ಲೂ ಇಂಗ್ಲಿಷ್ ರುಜುವೇ. ಆ ರಾಜೀನಾಮೆಯ ಕೆಳಗಿದ್ದದ್ದು ಕನ್ನಡದ್ದು! ತಮ್ಮ ತುಷಾರನ ನಾಮಕರಣಕ್ಕೆ ಊರಿಗೆ ಬರುವಾಗ, ಕಂಪನಿಯಿಂದ ಪಾಸ್‌ಪೋರ್ಟ್ ಬಿಡಿಸಿಕೊಳ್ಳಲು ಖಾಲಿ ಹಾಳೆಗೆ ಹಾಕಿ ಕೊಟ್ಟದ್ದು. ರಜೆಗೆ ಹೋಗುವವರೆಲ್ಲ ಹಾಗೆ ಹಾಕಿ ಕೊಡುವುದು ಆ ವರ್ಕ್‌ಶಾಪಿನ ಪದ್ಧತಿ. ತಿರುಗಿ ಬಂದಾಗ ಹರಿದು ಹಾಕುತ್ತೇವೆ ಎಂದಿದ್ದರಂತೆ. ಎಂಟು ವರ್ಷ ಜೋಪಾನವಾಗಿ ಇಟ್ಟು, ಈಗ ಅದರ ಮೇಲೆ ರಾಜೀನಾಮೆ ಬರೆದುಕೊಂಡಿದ್ದರು.

ಅಧಿಕಾರಿ ಮೂರು ವರ್ಷದ ಸಂಬಳದ ಪಟ್ಟಿಗಳನ್ನೂ ತರಿಸಿ ಒಂದರ ಪಕ್ಕ ಒಂದು ಇಟ್ಟರು. ಅವರಿಗೆ ಕನ್ನಡ ಬರಬೇಕಾಗಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ರೊನಾಲ್ಡ್ ಕಡೆ ತಿರುಗಿ, ಈ ಮನುಷ್ಯ ಕೆಲಸ ಬಿಡಲಿಕ್ಕೆಂದೇ ಹಳೆ ರುಜು ಹುಡುಕಿಕೊಂಡು ಬಂದನೋ ಎಂದು ಕೇಳಿದರು. ರೊನಾಲ್ಡ್ ಕರವಸ್ತ್ರ ತೆಗೆದರು. ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದು, ಪೂರ್ತಿ ಕೊಡುತ್ತೇವೆ ಎಂದರು. "ಖಲಾಸ್" ಎಂದು ಅಧಿಕಾರಿ ಮೊಹರು ಒತ್ತಿದರು. ಆ ಸದ್ದು ನಿನಗೂ ಕೇಳಿಸಬೇಕಿತ್ತು.

ಪಾಸ್‌ಪೋರ್ಟ್ ಈಗ ಅಪ್ಪನ ಜೇಬಿನಲ್ಲಿದೆ. ಪರಿಹಾರ ಕೈಗೆ ಬಂದ ಮೇಲೆ ಡಿಸೆಂಬರಿನಲ್ಲಿ ಇಬ್ಬರೂ ಒಟ್ಟಿಗೆ ಬರುತ್ತೇವೆ. ಅಂಗಡಿಗೆ ಜಾಗ ನೋಡಿಡು ಎಂದು ಅಪ್ಪ ಹೇಳಿದ್ದಾರೆ. ನೀನು ಕೊಟ್ಟ ನೀಲಿ ದುಪಟ್ಟಾದ ಅಂಚು ಆ ಆಫೀಸಿನಲ್ಲಿ ಹೇಗೋ ಹರಿಯಿತು. ಬೈಯಬೇಡ.

ನಿನ್ನ ಮಾತಿಲ್ಲದ ಮಗಳು,
ವಿನಿತಾ

ತಾ. ಕ.: ಸರೋಜಿನಿ, ಇದು ನಾನು, ಕೊರಗ. ಅಂಚೆಗೆ ಹಾಕಲು ಕೊಟ್ಟ ಕಾಗದವನ್ನು ಓದಿದೆ. ಇದರಲ್ಲೊಂದು ಸುಳ್ಳಿದೆ. ರುಜುವಿನ ವ್ಯತ್ಯಾಸ ಕಂಡದ್ದು ಅವಳಿಗೆ. ಆಫೀಸಿನಲ್ಲಿ ಎದ್ದು ನಿಂತು ಮಾತಾಡಿದ್ದೂ ಅವಳೇ. ನಾನು ಹೆದರಿ, ಕೂತ್ಕೋ ಮಗಾ ಎಂದು ದುಪಟ್ಟಾ ಹಿಡಿದು ಎಳೆದೆ. ಅದು ಹರಿಯಿತು, ಅವಳು ಕೂರಲಿಲ್ಲ. ನಿನಗೆ ಬರೆಯುವ ಕಾಗದವಲ್ಲವಾ, ಕನ್ನಡದಲ್ಲೇ ರುಜು ಹಾಕಿದ್ದೇನೆ.

ಕೊರಗ