ಲಸಿಕೆ ಹಾಕದ ಕೋಳಿ

ಮಾರ್ಚ್ ೧೨, ಮಂಗಳವಾರ

ಇವತ್ತು ಇಡೀ ದಿನ ಭಯದಲ್ಲೇ ಕಳೆಯಿತು. ಹೋದ ವರ್ಷ ಹಕ್ಕಿಜ್ವರ ಬಂದಾಗ ಅಕ್ಕನ ಕೋಳಿಗಳನ್ನೆಲ್ಲ ಕೊಂದು ಗುಂಡಿಗೆ ಹಾಕಬೇಕಾಯಿತು. ಆದರೂ ನಮ್ಮ ಸಂಸ್ಥೆಯ ಹೊಸ ಲಸಿಕೆಯ ಪರೀಕ್ಷೆಗೆ ಅವಳೇ ತನ್ನ ಶೆಡ್ಡು ಬಿಟ್ಟುಕೊಟ್ಟಳು. ರೋಗ ನುಸುಳಿದರೆ ಅವುಗಳಲ್ಲಿ ಕಾಣಿಸಿ ಬೇಗ ತಿಳಿಯಲೆಂದು ಕೆಲವು ಕೋಳಿಗಳಿಗೆ ಲಸಿಕೆ ಹಾಕದೆ ಬಿಟ್ಟಿದ್ದೇವೆ. "ಇವೇನು ಮಲತಾಯಿ ಮಕ್ಕಳೇನೋ?" ಎನ್ನುತ್ತ ಅಕ್ಕ ಅವಕ್ಕೆ ಒಂದು ಹಿಡಿ ಕಾಳು ಹೆಚ್ಚೇ ಹಾಕುತ್ತಾಳೆ.

ಅಂಥದ್ದೊಂದು ಇವತ್ತು ಕಾಳು ಮುಟ್ಟದೆ, ಗರಿ ಕೆದರಿಕೊಂಡು ಮೂಲೆ ಹಿಡಿದಿತ್ತು. ವೈರಸ್ ಆಗಿದ್ದರೆ ಮತ್ತೆ ಗುಂಡಿಯೇ. ಗಂಟಲ ದ್ರವ ತೆಗೆದು ಕಳಿಸಿದೆ. ಪ್ರಯೋಗಾಲಯದ ಹುಡುಗಿ ಊಟ ಬಿಟ್ಟು ಪರೀಕ್ಷಿಸಿ ಸಂಜೆ ಫೋನ್ ಮಾಡಿದಳು: "ಏನೂ ಇಲ್ಲ ಸರ್, ಆರಾಮಾಗಿರಿ." ಅವಳ ಹೊಟ್ಟೆ ತಣ್ಣಗಿರಲಿ.

"ಮತ್ತೆ ಇದಕ್ಕೇನಾಗಿದೆ?" ಎಂದು ಅಕ್ಕ ಕೈ ಚಾಚಿದಳು. ಕೋಳಿ ಗುರ್ರೆಂದು ಕುಕ್ಕಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅದು ಕಾವಿಗೆ ಕೂತಿತ್ತು; ಮೊಟ್ಟೆಗೆ ಕಾವು ಕೊಡುವ ಹಂಬಲಕ್ಕೆ ಬಿದ್ದ ಕೋಳಿ ಮೇವು ಬಿಟ್ಟು ಹೀಗೇ ಮೂಲೆ ಹಿಡಿಯುತ್ತದೆ. ಕೋಳಿಗಳ ನಡುವೆಯೇ ಬೆಳೆದ ನಮಗೆ ಭಯದಲ್ಲಿ ಅಷ್ಟೂ ಹೊಳೆದಿರಲಿಲ್ಲ.

"ನಿನ್ನ ಓದು, ನನ್ನ ಅನುಭವ, ಎರಡೂ ಮೇಯೋಕೆ ಹೋಗಿದ್ವು ಕಣೋ." ಅಕ್ಕನ ನಗು ಕೇಳಿ ಎಷ್ಟು ಕಾಲವಾಗಿತ್ತು!

ಅಕ್ಕ ಬುಟ್ಟಿಗೆ ಹುಲ್ಲು ಹಾಸಿ, ಮೊಟ್ಟೆ ಜೋಡಿಸಿ, ಕೋಳಿಯನ್ನು ಕೂರಿಸಿದಳು. ಕೋಳಿ ಅವನ್ನು ಒಂದೊಂದಾಗಿ ಎದೆಯಡಿಗೆ ಎಳೆದುಕೊಂಡಿತು. ಅಕ್ಕ ಇನ್ನೂ ಅಲ್ಲೇ ಕೂತಿದ್ದಾಳೆ. ಮಲಗು ಬಾ ಎಂದು ಕರೆಯಲು ಮನಸ್ಸಾಗುತ್ತಿಲ್ಲ.