ಹೊಗೆಯ ಮೇಲೆ ಹೊರಿಸಿದ ತಪ್ಪು

ಮಂಗಳವಾರ, ೧೪ನೇ ತಾರೀಖು
ಲ್ಯಾಬಿನ ಊಟದ ಕೋಣೆ

ಹೊಗೆಬಂಡಿಯವರೇ,

ಬೇರೆಯಾಗಿ ಆರು ವರ್ಷವಾದರೂ ಬೇರೆ ಹೆಸರು ಬಾಯಿಗೆ ಬರುವುದಿಲ್ಲ, ಸಹಿಸಿಕೊಳ್ಳಿ. ಫೋನಿನಲ್ಲಾದರೆ ಜಗಳವಾಗುತ್ತದೆಂದು ನಮ್ಮ ಆಸ್ಪತ್ರೆಯ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಗುರುವಾರ ಮಗಳನ್ನು ರಕ್ತ ಪರೀಕ್ಷೆಗೆ ಕರೆತರಲೇಬೇಕು. ಏಕೆಂದು ಹೇಳಲು ನನ್ನ ಮಾತನ್ನು ನಾನೇ ನುಂಗಬೇಕಾಗಿದೆ.

ನನಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ದಿನ ಕಾರಿಡಾರಿನಲ್ಲಿ, ಮಗಳ ಎದುರೇ, ಇದೆಲ್ಲ ನಿಮ್ಮ ಸಿಗರೇಟಿನ ಫಲ ಎಂದು ಕೂಗಾಡಿದೆ. ನೀವು ತಲೆ ತಗ್ಗಿಸಿ ನಿಂತಿರಿ. ಅಂದಿನಿಂದ ಅವಳು ನಿಮ್ಮ ಮನೆಯಲ್ಲೇ ಇದ್ದೂ ನಿಮ್ಮೊಡನೆ ಮಾತು ಬಿಟ್ಟಿದ್ದಾಳೆ. ರಕ್ತ ಕೊಡು ಎಂದರೆ, ಅಪ್ಪ ಸೇದಿದ್ದಕ್ಕೆ ನಾನ್ಯಾಕೆ ಚುಚ್ಚಿಸ್ಕೋಬೇಕು ಅನ್ನುತ್ತಾಳೆ. ಅವಳ ಬಾಯಲ್ಲಿ ಬರುತ್ತಿರುವುದು ನನ್ನ ಮಾತೇ.

ನನ್ನ ಗಡ್ಡೆಯಲ್ಲಿ ಒಂದು ಜೀನ್ ಕೆಟ್ಟಿದೆ. ದೇಹದ ಯಾವ ಭಾಗದಲ್ಲೂ ಜೀವಕೋಶಗಳು ಅಂಕೆ ಮೀರಿ ಬೆಳೆಯದಂತೆ ಬ್ರೇಕ್ ಹಾಕುವ ಜೀನ್ ಅದು. ಗಡ್ಡೆಯಲ್ಲಷ್ಟೇ ಕೆಟ್ಟಿದ್ದರೆ ಆಮೇಲೆ ಆದ ಹಾನಿ. ರಕ್ತದಲ್ಲೂ ಕೆಟ್ಟಿದ್ದರೆ ಸಾಮಾನ್ಯವಾಗಿ ಹುಟ್ಟಿನಿಂದಲೇ ಬಂದದ್ದು, ಮಕ್ಕಳಿಗೂ ಅರ್ಧಕ್ಕರ್ಧ ಸಾಧ್ಯತೆ.

ನನ್ನ ರಕ್ತದಲ್ಲೂ ಕೆಟ್ಟಿತ್ತು. ನಾನು ಒಪ್ಪಲಿಲ್ಲ. ರಕ್ತ ಕೊಡುವವರ ಬಾಯಿಂದಲೇ ಹೆಸರು ಹೇಳಿಸಿ ಕೊಳವೆಗೆ ಚೀಟಿ ಅಂಟಿಸುವುದು ನಮ್ಮ ರೂಢಿ. ದಿನಾ ಜೊತೆಗೆ ಊಟ ಮಾಡುವವಳೆಂದು, ರಕ್ತ ತೆಗೆದ ಹುಡುಗಿ ನನ್ನ ಹೆಸರು ಕೇಳಿರಲಿಲ್ಲ. ಅದನ್ನೇ ಹಿಡಿದು, ಕೊಳವೆ ಅದಲುಬದಲಾಗಿದೆ ಎಂದು ರಂಪ ಮಾಡಿದೆ, ಅವಳಿಗೆ ಬೈಸಿದೆ. ಎರಡನೇ ಸಲ ಕೊಟ್ಟ ರಕ್ತವೂ ಅದನ್ನೇ ಹೇಳಿತು. ಆ ವರದಿ ಮೂರು ವಾರದಿಂದ ನನ್ನ ಕೈಚೀಲದಲ್ಲಿದೆ. ನಿಮ್ಮನ್ನು ಬೈಯುವ ಸುಖ ಬಿಡಲಾಗಲಿಲ್ಲ. ಬರೆಯಲು ನಾಚಿಕೆಯಾಗುತ್ತಿದೆ. ಸಿಗರೇಟು ಹೇಗೂ ಬಿಡಿ, ಆದರೆ ಈ ಬ್ರೇಕ್ ಕೆಟ್ಟು ಬಂದದ್ದು ನನ್ನ ತವರಿನಿಂದ.

ಅವಳಿಗೂ ಇದ್ದರೆ ಈಗಿನಿಂದಲೇ ಕಣ್ಣಿಟ್ಟು ಕಾಯಬಹುದು. ಮೊನ್ನೆ ಫೋನಿನಲ್ಲಿ, ಅಂಗಡಿಯಲ್ಲಿ ನಿಂತೂ ನಿಂತೂ ಮೊಣಕಾಲು ನೋಯ್ತಿದೆ, ಈ ಚಪ್ಪಲಿ ಸರಿಯಿಲ್ಲ ಎಂದು ಗೊಣಗುತ್ತಿದ್ದಳು. ಹಟ ಅವಳಿಗೆ ಎರಡೂ ಕಡೆಯಿಂದ ಬಂದಿದೆ. ನೀವು ಹೇಳಿದರೆ ಕೇಳುವುದಿಲ್ಲ, ಈ ಪತ್ರವನ್ನೇ ಓದಲು ಕೊಡಿ.

ಇಂತಿ,
ಲ್ಯಾಬಿನಲ್ಲಿ ಗಡ್ಡೆ ಸೀಳುವ ನನ್ನ ಕೆಲಸ ನೋಡಿ ನೀವೇ ಹೆಸರಿಟ್ಟ
ಬ್ಲೇಡು

ವಿ.ಸೂ.: ಇಲ್ಲಿಂದ ಕೆಳಗಿನದನ್ನು ಹರಿದಿಟ್ಟುಕೊಂಡು ಉಳಿದದ್ದನ್ನು ಅವಳಿಗೆ ಕೊಡಿ. ನನ್ನ ತಮ್ಮ ಹತ್ತೊಂಬತ್ತನೇ ವಯಸ್ಸಿಗೆ ಸೈಕಲ್ಲಿನಿಂದ ಬಿದ್ದು ತೀರಿಕೊಂಡ ಎಂದು ಮದುವೆಗೆ ಮೊದಲು ನಿಮಗೆ ಹೇಳಿದ್ದು ಸುಳ್ಳು. ಅವನಿಗೆ ಮೂಳೆಯ ಕ್ಯಾನ್ಸರ್ ಆಗಿತ್ತು. ಮೊದಲು ಮೊಣಕಾಲು ನೋವು ಅಂದ. ನಾವು ಹೊಸ ಚಪ್ಪಲಿ ಕೊಡಿಸಿದೆವು. ಮೇಲೆ ಗುರುವಾರ ಎಂದು ಬರೆದಿದ್ದೇನೆ. ನಾಳೆಯೇ ಕರೆತನ್ನಿ.