ಫಿದ್ದಾಳ ಮನೆಯಲ್ಲಿ ಕೆಳಗಿಟ್ಟ ಕಾಫಿ

ಅಮ್ಮಾನಿನಲ್ಲಿ ಗಾಜಿನ ಬಾಗಿಲಿನ ಆಫೀಸು ಇಟ್ಟುಕೊಂಡಿರುವ ನನ್ನ ತಮ್ಮನ ಮಗ ಮುತಸಿಮನಿಗೆ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದ್ದೀಯಲ್ಲ, ಮೊದಲು ಅದಕ್ಕೆ ನಿನಗೆ ಧಿಕ್ಕಾರ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಈ ಕೈ ಸ್ಟೇರಿಂಗು ಹಿಡಿಯಿತು, ಪಾನಾ ಹಿಡಿಯಿತು, ಪೆನ್ನು ಹಿಡಿಯಲಿಲ್ಲ. ಗಡಿಯಲ್ಲಿ ಸಹಿ ಹಾಕುವಾಗಲೂ ಅಧಿಕಾರಿಗಳು “ಬೇಗ ಗೀಚಯ್ಯಾ, ಹಿಂದೆ ಜನ ನಿಂತಿದ್ದಾರೆ” ಎಂದು ಬೈಯುತ್ತಿದ್ದರು. ಆದರೆ ನಿನ್ನ ಅಪ್ಪಣೆಯಾಗಿದೆ: “ದೊಡ್ಡಪ್ಪ, ಫೋನಲ್ಲಿ ನೀವು ಬರೀ ಕೂಗಾಡ್ತೀರಿ. ಪ್ಲಾನ್ ಪೂರ್ತಿ ಓದಿ, ಏನು ಸರಿ ಇಲ್ಲ ಅನ್ನೋದನ್ನ ಬರೆದು ಕಳಿಸಿ.” ಹೀಗೆ ಹೇಳಿ ಫೋನು ಇಟ್ಟವನು ಇವತ್ತಿನವರೆಗೆ ಎತ್ತಿಲ್ಲ. ಸರಿ, ಬರೆಯುತ್ತೇನೆ. ಕಾಗದದ ಮೇಲೂ ಕೂಗಾಡುವುದಕ್ಕೆ ನನಗೆ ಬರುತ್ತದೆ.

ಪ್ಲಾನ್ ಓದಿದೆ. ‘ಪ್ರಾಚೀನ ಸಿರಿಯಾ, ಎಂಟು ದಿನಗಳಲ್ಲಿ.’ ನನ್ನ ಹಲ್ಲು ಕೀಳಿಸುವುದಕ್ಕೇ ಹತ್ತು ದಿನ ಹಿಡಿಯಿತು, ಮಹರಾಯ. ಎಂಟು ದಿನದಲ್ಲಿ ನೀನು ಬುಸ್ರಾ, ದಮಾಸ್ಕಸ್, ಪಾಲ್ಮೈರಾ ಎಲ್ಲವನ್ನೂ ಮುಗಿಸಿ, ಕೊನೆಗೆ ಸೋಪು ಕೊಳ್ಳಲು ಅರ್ಧ ದಿನ ಬೇರೆ ಇಟ್ಟಿದ್ದೀಯ. ಗಡಿ ದಾಟುವುದಕ್ಕೆ ಅರ್ಧ ಗಂಟೆಯಂತೆ! ಜಾಬಿರ್ ಗೇಟಿನಲ್ಲಿ ಅರ್ಧ ಗಂಟೆಯಲ್ಲಿ ಆಗುವ ಕೆಲಸ ಒಂದೇ, ಶೌಚಾಲಯ ಯಾವ ಕಡೆ ಎಂದು ವಿಚಾರಿಸುವುದು. ಹದಿನೆಂಟು ಜನ ಪರದೇಶದವರು, ಹದಿನೆಂಟು ಪಾಸ್‌ಪೋರ್ಟು. ಅದರಲ್ಲಿ ಒಬ್ಬನಾದರೂ ಬೇಡದ ದೇಶದ ಮುದ್ರೆ ಒತ್ತಿಸಿಕೊಂಡೇ ಬಂದಿರುತ್ತಾನೆ, ಇನ್ನೊಬ್ಬಳು ಸಿಪಾಯಿಯ ಫೋಟೋ ತೆಗೆದೇ ತೆಗೆಯುತ್ತಾಳೆ. ಮೂವತ್ತು ವರ್ಷ ಆ ದಾರಿಯಲ್ಲಿ ಟ್ಯಾಕ್ಸಿ ಓಡಿಸಿದ ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಫೋಟೋ ಮಾತ್ರ ಹಾಕಿದ್ದೀಯ.

ಆ ಫೋಟೋದ ಕೆಳಗೆ ‘ಕಡಲಿಲ್ಲದ ನಾಡಿನ ಕೊನೆಯ ನಾವಿಕ’ ಎಂದು ಬರೆಸಿದ್ದೀಯ. ಗಡಿಯಂಚಿನ ನಮ್ಮ ರಮ್ಥಾ ಊರಿನ ಟ್ಯಾಕ್ಸಿಯವರನ್ನು ಜನ ನಾವಿಕರು ಎಂದು ಕರೆಯುತ್ತಿದ್ದದ್ದು ನಿಜ. ಹಡಗಿನವರ ಹಾಗೆ ದಿನಾ ಆಚೆ ಸಿರಿಯಾಕ್ಕೆ ಹೋಗಿ ಈಚೆ ಸರಕು ಇಳಿಸುತ್ತಿದ್ದೆವು, ಅದಕ್ಕೆ. ಕೊನೆಯವನು ಎಂದು ನಿನಗೆ ಯಾರು ಹೇಳಿದರು? ಇನ್ನೂ ನಲವತ್ತು ಜನ ಬದುಕಿದ್ದಾರೆ, ಸಂಜೆಯಾದರೆ ಟೈರ್ ಅಂಗಡಿ ಮುಂದೆ ಕೂತು ಜಗಳವಾಡುತ್ತಾರೆ. ನಾನು ಜರಿಯ ನಿಲುವಂಗಿ ಹಾಕಿಕೊಂಡು, ಬಸ್ಸಿನಲ್ಲಿ ಮೈಕು ಹಿಡಿದು ‘ಗಡಿಯ ಕಥೆಗಳು’ ಹೇಳಬೇಕಂತೆ. ನನ್ನ ಹತ್ತಿರ ಇರುವುದು ಒಂದೇ ಕಥೆ. ಸೀಟಿನ ಕೆಳಗೆ ಸುಂಕ ಕಟ್ಟದ ಚೀಸು, ಸೀಟಿನ ಮೇಲೆ ದಪ್ಪನೆಯ ಮುದುಕಿ, ‘ಮಂಡಿ ನೋವು, ಏಳೋಕಾಗಲ್ಲ ಸಾಹೇಬರೆ’ ಎಂದು ಅವಳ ಗೋಳಾಟ. ಹೇಳಲಾ?

ಇಷ್ಟೇ ಆಗಿದ್ದರೆ ನಕ್ಕು, ಕಾಗದ ಮಡಿಸಿ, ಕುಂಟುವ ಮೇಜಿನ ಕಾಲಿಗೆ ಒತ್ತು ಕೊಡುತ್ತಿದ್ದೆ. ಮೊದಲ ದಿನದ ಮಧ್ಯಾಹ್ನ ನೋಡಿದೆ. ‘ಬುಸ್ರಾದ ಹಳೇ ಪೇಟೆಯೊಳಗೆ, ರೋಮನ್ನರ ಗೋಡೆಯ ಮನೆಯಲ್ಲಿ, ಹೌರಾನಿ ಕುಟುಂಬದೊಂದಿಗೆ ಅಪ್ಪಟ ಮನೆಯೂಟ.’ ರೋಮನ್ನರ ಗೋಡೆಗೆ ಬೆನ್ನು ಕೊಟ್ಟ ಮನೆ ನಮ್ಮ ಬಳಗದಲ್ಲಿರುವುದು ಒಂದೇ. ನನ್ನ ತಂಗಿ ಫಿದ್ದಾಳದು. ನಿನ್ನ ಸೋದರತ್ತೆ. ಕುಟುಂಬ ಎಂದರೆ ಅವಳೊಬ್ಬಳು. ಗಂಡನನ್ನು ಯುದ್ಧ ನುಂಗಿತು, ಮಕ್ಕಳಾಗಿರಲಿಲ್ಲ.

“ಅತ್ತೆಗೆ ಎಷ್ಟು ಕೊಡ್ತೀಯೋ?” ಎಂದು ಫೋನಿನಲ್ಲಿ ಕೇಳಿದೆ. ನೀನು ನಕ್ಕೆ.

“ಅದೇ ಮಜಾ ದೊಡ್ಡಪ್ಪ! ಅತ್ತೆ ಒಂದು ಕಾಸೂ ಮುಟ್ಟಲ್ಲ. ಅತಿಥಿ ಬಂದ್ರು ಅಂದ್ರೆ ಕುರೀನೇ ಕಡಿತಾರೆ. ನಾನೇನು ಮಾಡ್ಲಿ, ನಮ್ಮ ಸಂಪ್ರದಾಯ ಅಲ್ವಾ?”

ನಾನು ಕೂಗಾಡಿದ್ದು ಆಗ. ಇನ್ನೇನು ಮುದ್ದು ಮಾಡಬೇಕಿತ್ತೇ? ‘ಊಟಸಹಿತ’ ಎಂದು ಆ ಜನರ ಹತ್ತಿರ ವಸೂಲು ಮಾಡಿ ಜೇಬಿಗಿಳಿಸುವವನು ನೀನು, ಕುರಿ ಕಡಿಯುವವಳು ಅವಳು. ಅತ್ತೆಯ ಒಡವೆ ಅಳಿಯ ದಾನ ಮಾಡಿದ ಎನ್ನುತ್ತಾರೆ. ಆ ಅಳಿಯ ದಾನವನ್ನಾದರೂ ಮಾಡಿದ್ದ. ನೀನು ವ್ಯಾಪಾರ ಮಾಡಿದೆ.

ಮಾರನೇ ಬೆಳಿಗ್ಗೆಯೇ ಬುಸ್ರಾಕ್ಕೆ ಹೋದೆ. ನಿನಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಫಿದ್ದಾ ಹಜಾರಕ್ಕೆ ಸುಣ್ಣ ಬಳಿಯುತ್ತಿದ್ದಳು. ಹುಬ್ಬಿನ ಮೇಲೆಲ್ಲಾ ಸುಣ್ಣ. ಪಕ್ಕದ ಮನೆಯಿಂದ ಎರಡು ದೊಡ್ಡ ತಟ್ಟೆ ಕಡ ತಂದು ಗೋಡೆಗೆ ಒರಗಿಸಿದ್ದಾಳೆ, ಗೋಧಿ ನುಚ್ಚು ಆರಿಸಿಟ್ಟಿದ್ದಾಳೆ. ನನ್ನನ್ನು ಕಂಡವಳೇ, “ಅಣ್ಣಾ, ಆ ಜನ ತುಪ್ಪ ತಿಂತಾರಾ? ಕೆಲವರಿಗೆ ಆಗಲ್ಲ ಅಂತಾರಪ್ಪ. ಮಾಂಸದ ಮೇಲೆ ತುಪ್ಪ ಸುರೀದಿದ್ರೆ ಅದೇನು ಊಟ?” ಎಂದಳು.

“ಯಾವ ಕುರಿ ಕಡಿತೀಯೆ?” ಎಂದೆ.

“ಬಿಳಿ ಕಿವಿಯದು.”

“ಅದು ಗಬ್ಬ ಅಲ್ವೇನೆ?”

“ಎಲ್ಲವೂ ಗಬ್ಬವೇ. ಇನ್ನೇನು ಬೆಕ್ಕನ್ನ ಕಡೀಲಾ?”

ಅವಳ ಹತ್ತಿರ ಇರುವುದು ಆರು ಕುರಿ, ಮುತಸಿಮ. ಗಂಡುಮರಿಗಳನ್ನು ಬೇಸಿಗೆಯಲ್ಲೇ ಮಾರಿ ಮನೆಗೆ ಕಬ್ಬಿಣದ ಬಾಗಿಲು ಹಾಕಿಸಿದಳು. ಅಲ್ಲಿಯವರೆಗೆ ಬಾಗಿಲಿನ ಜಾಗದಲ್ಲಿ ಕಂಬಳಿ ನೇತಾಡುತ್ತಿತ್ತು. ಆ ಆರರ ಹಾಲು, ಮೊಸರು, ಚಳಿಗಾಲಕ್ಕೆ ಹುಟ್ಟುವ ಮರಿ, ಇಷ್ಟೇ ಅವಳ ಬದುಕು. ನಿನ್ನ ಬಸ್ಸು ವಾರಕ್ಕೊಂದು. ಏಳನೇ ವಾರ ನಿನ್ನ ಗಿರಾಕಿಗಳಿಗೆ ಏನು ಬಡಿಸುತ್ತಾಳೆ, ಬಾಗಿಲನ್ನೇ?

ಯಾಕೆ ಒಪ್ಪಿದೆ ಎಂದು ನಾನು ಬೈದೆ. ಅವಳು ಸುಣ್ಣದ ಕುಂಚ ನೀರಿನಲ್ಲಿ ಅದ್ದಿ, ನನ್ನ ಮುಖ ನೋಡದೆ ಹೇಳಿದಳು: “ಹುಡುಗ ಕಾಫಿ ಕೆಳಗಿಟ್ಟ, ಅಣ್ಣ.”

ಹೊಸ ಸುಣ್ಣದ ಗೋಡೆಗೇ ಒರಗಿ ಕೂತೆ. ಬೆನ್ನೆಲ್ಲ ಬೆಳ್ಳಗಾಯಿತು.

ನಿನಗೆ ನಮ್ಮ ಹೌರಾನ್ ಸೀಮೆಯ ರೀತಿನೀತಿ ಏನೂ ಗೊತ್ತಿಲ್ಲ ಎಂದುಕೊಂಡಿದ್ದೆ. ಕುರಿಗೂ ಮೇಕೆಗೂ ವ್ಯತ್ಯಾಸ ತಿಳಿಯದವನು ನೀನು. ಆದರೆ ಇದೊಂದು ಮಾತ್ರ ಚೆನ್ನಾಗಿ ನೆನಪಿಟ್ಟುಕೊಂಡಿದ್ದೀಯ. ಬಂದವನು ಕಾಫಿ ಕುಡಿಯದೆ ಬಟ್ಟಲು ನೆಲದ ಮೇಲಿಟ್ಟರೆ ಏನೋ ಕೇಳಲು ಬಂದಿದ್ದಾನೆ ಎಂದರ್ಥ. ‘ನಿನ್ನ ಕೆಲಸ ಆಯಿತು, ಕುಡಿ’ ಎಂದು ಮನೆಯವರು ಹೇಳಬೇಕು. ಹೇಳದೆ ಅವನು ಹಾಗೇ ಎದ್ದುಹೋದರೆ ಆ ಮನೆಗೆ ಊರಿನಲ್ಲಿ ಮುಖವಿಲ್ಲ. ಏನು ಬೇಕೆಂದು ನೀನು ಬಾಯಿಬಿಡುವ ಮೊದಲೇ ಫಿದ್ದಾ “ಆಯ್ತು ಕುಡಿಯೋ ಮಗನೆ” ಎಂದಳಂತೆ. ಒಡಹುಟ್ಟಿದ ಖಲಫನ ಮಗ, ನನ್ನ ಹತ್ತಿರ ಇನ್ನೇನು ಕೇಳಿಯಾನು, ಮದುವೆಗೆ ಹೆಣ್ಣು ನೋಡು ಅಂದಾನು ಎಂದುಕೊಂಡಿದ್ದಳಂತೆ.

ಆ ಬಟ್ಟಲು ಯಾತಕ್ಕೆ ಕೆಳಗಿಡುತ್ತಾರೆ ಗೊತ್ತೇನೋ ನಿನಗೆ? ನಮ್ಮ ಚಿಕ್ಕಪ್ಪನ ಮಗ ಲಾರಿ ಓಡಿಸುವಾಗ ಒಬ್ಬರ ಮನೆಯ ಹುಡುಗನನ್ನು ಹಾಯಿಸಿ ಕೊಂದ. ನಿನ್ನ ತಾತ ಊರಿನ ಹಿರಿಯರನ್ನು ಕಟ್ಟಿಕೊಂಡು ಕ್ಷಮೆ ಬೇಡಲು ಆ ಮನೆಗೆ ಹೋದ. ನಾನೂ ನಿನ್ನ ಅಪ್ಪನೂ ಹಿಂದೆ ಕೈಕಟ್ಟಿ ನಿಂತಿದ್ದೆವು, ಇನ್ನೂ ಮೀಸೆ ಮೂಡಿರಲಿಲ್ಲ ನಿನ್ನ ಅಪ್ಪನಿಗೆ. ತಾತ ಬಟ್ಟಲು ಕೆಳಗಿಟ್ಟ. ಕಾಫಿ ಆರಿತು. ಒಳಗೆ ಹೆಂಗಸರ ಅಳು ಕೇಳುತ್ತಿತ್ತು. ಸತ್ತ ಹುಡುಗನ ಅಪ್ಪ ಬಹಳ ಹೊತ್ತು ಆ ಬಟ್ಟಲನ್ನೇ ನೋಡುತ್ತಾ ಕೂತಿದ್ದು, ಕೊನೆಗೆ “ಕುಡಿ, ಹಿರಿಯಾ” ಎಂದ. ನಿನ್ನ ತಾತ ಆ ತಣ್ಣನೆಯ ಕಾಫಿ ಕುಡಿಯುವಾಗ ಗಡ್ಡದ ಮೇಲೆಲ್ಲ ನೀರು ಇಳಿಯುತ್ತಿತ್ತು. ಅಂಥ ಬಟ್ಟಲು ಅದು. ನೀನು ಅದನ್ನು ಬಸ್ಸಿನ ಜನಕ್ಕೆ ಪುಕ್ಕಟೆ ಊಟ ಗಿಟ್ಟಿಸಲು ಕೆಳಗಿಟ್ಟೆ. ಥೂ.

ಹಣವನ್ನು ನಾನೇ ಕೊಡುತ್ತೇನೆಂದೆ. ಕೆಂಡ ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳು. “ನಾನು ಹೋಟ್ಲು ಇಟ್ಟಿದ್ದೀನಾ?” ಬಸ್ಸು ಬರಕೂಡದು ಎಂದು ನಿನಗೆ ನಾನೇ ಹೇಳಿಬಿಡುತ್ತೇನೆ ಎಂದೆ. “ನೀನು ಹೇಳಿದ್ರೆ ಅದು ನಿನ್ನ ಮಾತು. ಕುಡಿ ಅಂದೋಳು ನಾನು” ಎಂದಳು. ಆಮೇಲೆ ನನಗೇ ಸಮಾಧಾನ ಹೇಳಿದಳು, “ಬಿಡು ಅಣ್ಣ, ನನ್ನ ಮನೆಗೂ ಜನ ಬರೋ ಹಾಗಾಯ್ತಲ್ಲ.”

ಈ ಮಾತು ನಿನ್ನ ತಲೆಗೆ ಇಳಿಯುತ್ತದೋ ಇಲ್ಲವೋ. ಯುದ್ಧಕ್ಕೆ ಊರು ಬಿಟ್ಟು ಬಂದು ಏಳು ವರ್ಷ ಅವಳು ರಮ್ಥಾದಲ್ಲಿ ನನ್ನ ಮನೆಯಲ್ಲಿದ್ದಳು. ಒಂದು ದಿನವೂ ನಾವು ಅವಳಿಗೆ ಬಿರುಸು ಮಾತು ಆಡಲಿಲ್ಲ. ಆದರೂ ಏಳು ವರ್ಷವೂ ಅವಳು ತಟ್ಟೆಗೆ ಎರಡನೇ ಸಲ ಕೈ ಚಾಚಲಿಲ್ಲ. ಮನೆಗೆ ಯಾರಾದರೂ ಬಂದರೆ ಕಾಫಿ ಕುದಿಸಿ ನನ್ನ ಹೆಂಡತಿಯ ಕೈಗೆ ಕೊಟ್ಟು ತಾನು ಹಿಂದೆ ಸರಿಯುತ್ತಿದ್ದಳು. ಮನೆ ತನ್ನದಲ್ಲವಲ್ಲ, ಬಗ್ಗಿಸಿ ಕೊಡುವ ಹಕ್ಕು ತನಗಿಲ್ಲ ಎಂದು. ಈಗ ಅವಳಿಗೆ ಒಂದು ಹೊಸ್ತಿಲು ಸಿಕ್ಕಿದೆ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೂರಿಸುತ್ತಾಳೆ. ಆ ಹಿಗ್ಗಿಗೆ ನೀನು ಕೈ ಹಾಕಿದ್ದೀಯ. ಕಳ್ಳನಾದರೂ ಬೀಗ ಹಾಕಿದ ಮನೆಗೆ ನುಗ್ಗುತ್ತಾನೆ. ನೀನು ತೆರೆದ ಬಾಗಿಲಿನಲ್ಲಿ ಚಪ್ಪಲಿ ಕಳಚಿ ಒಳಗೆ ಹೋಗಿ ಕದ್ದವನು.

ಈಗ ಕೇಳು. ಮಾತು ಕೇಳಿದವನೇ ಹೋಗಿ ಅವಳನ್ನು ಆ ಮಾತಿನಿಂದ ಬಿಡಿಸಬೇಕು, ಬೇರೆ ದಾರಿಯಿಲ್ಲ. ಬುಸ್ರಾಕ್ಕೆ ಹೋಗು. ಆಫೀಸಿನ ಕೋಟು ಬೇಡ. ಅವಳು ಕಾಫಿ ಕೊಟ್ಟಾಗ ಮತ್ತೆ ಬಟ್ಟಲು ಕೆಳಗಿಡು. ಏನು ಬೇಕೆಂದು ಕೇಳುತ್ತಾಳೆ. “ಅತ್ತೆ, ಆವತ್ತು ನಾನು ಕೇಳಬಾರದ್ದು ಕೇಳಿದೆ, ಆ ಮಾತು ನನಗೆ ವಾಪಸ್ಸು ಕೊಡು” ಎನ್ನು. ಇಂಗ್ಲಿಷು ಬೆರೆಸಬೇಡ. ಅವಳು ಜಗಳ ಮಾಡುತ್ತಾಳೆ, ಅವಮಾನವಾಯಿತು ಎನ್ನುತ್ತಾಳೆ. ಕೂತಿರು. ಕಾಫಿ ಆರಲಿ. ಅವಳು ಕುಡಿ ಎನ್ನುವವರೆಗೆ ಏಳಬೇಡ, ಫೋನು ಬಂದರೂ ಏಳಬೇಡ.

ನಿನ್ನ ಹದಿನೆಂಟು ಜನಕ್ಕೆ ಬುಸ್ರಾದ ರೋಮನ್ ರಂಗಮಂದಿರದ ಎದುರಿಗೆ ಕೋಳಿ ಸುಡುವವನು ಇದ್ದಾನೆ. ಅವನ ಕಸುಬೇ ಅದು, ದುಡ್ಡು ಕೊಟ್ಟರೆ ನಾಚದೆ ತೆಗೆದುಕೊಳ್ಳುತ್ತಾನೆ. ಅಲ್ಲಿ ಉಣ್ಣಿಸು. ಆಮೇಲೆ ಬೇಕಾದರೆ ಫಿದ್ದಾಳ ಮನೆಗೆ ಕರೆದುಕೊಂಡು ಬಾ, ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು ಕಾಫಿಗೆ. ಅವಳು ಸುಣ್ಣ ಬಳಿದದ್ದು ವ್ಯರ್ಥವಾಗಬಾರದು, ಅವಳು ಆ ಹಿತ್ತಾಳೆ ಹೂಜಿ ಹಿಡಿದು ಸಾಲಾಗಿ ಬಗ್ಗಿಸಿಕೊಂಡು ಹೋಗಲಿ. ಅಷ್ಟು ಅವಳ ಕೈಲಾಗುತ್ತದೆ, ಅಷ್ಟು ಅವಳಿಗೆ ಸಲ್ಲಬೇಕು. ಕುರಿಗಳು ಹಿತ್ತಲಲ್ಲಿ ಮೆಲುಕು ಹಾಕುತ್ತಿರಲಿ. ನೀನು ಹೀಗೆ ಮಾಡಿದರೆ ನಾನು ಬಸ್ಸು ಹತ್ತುತ್ತೇನೆ. ಆ ಹಾಳು ನಿಲುವಂಗಿಯನ್ನೂ ಹಾಕಿಕೊಳ್ಳುತ್ತೇನೆ, ಮುದುಕಿ ಮತ್ತು ಚೀಸಿನ ಕಥೆಯನ್ನೂ ಹೇಳುತ್ತೇನೆ. ಗಡಿಯಲ್ಲಿ ಅರ್ಧ ಗಂಟೆ ಎಂದು ಬರೆದದ್ದನ್ನು ಮಾತ್ರ ಹೊಡೆದು ಹಾಕು.

ಮಾಡದಿದ್ದರೆ ಟೈರ್ ಅಂಗಡಿ ಮುಂದೆ ಕೂರುವ ಮುದುಕರನ್ನೆಲ್ಲ ಎಬ್ಬಿಸಿಕೊಂಡು ನಿನ್ನ ಗಾಜಿನ ಬಾಗಿಲಿಗೆ ಬರುತ್ತೇನೆ. ನೀನು ಕಾಫಿ ತರಿಸುತ್ತೀಯ, ಆ ಕಾಗದದ ಲೋಟದ್ದು. ಒಬ್ಬರೂ ಕುಡಿಯುವುದಿಲ್ಲ. ಸಾಲಾಗಿ ನಿನ್ನ ನೆಲದ ಮೇಲಿಟ್ಟು ಕೂರುತ್ತೇವೆ, ನಿನ್ನ ಗಿರಾಕಿಗಳು ನೋಡಲಿ. ಅದು ಎಷ್ಟು ಹೊತ್ತಾದರೂ ಸರಿ, ನಮಗೇನು ಕೆಲಸವಿದೆ?

ಮೊದಲ ಬಸ್ಸು ಅಕ್ಟೋಬರ್ ಹದಿನೆಂಟಕ್ಕೆ ಎಂದು ಪ್ಲಾನಿನಲ್ಲಿದೆ. ಬಿಳಿ ಕಿವಿಯದಕ್ಕೆ ಅವಳು ಈಗಲೇ ಹೆಚ್ಚಿಗೆ ಹುಲ್ಲು ಹಾಕುತ್ತಿದ್ದಾಳೆ.

ದೇವರು ನಿನಗೆ ನಿನ್ನ ತಾತನ ಬೆನ್ನೆಲುಬಿನಲ್ಲಿ ಅರ್ಧವನ್ನಾದರೂ ಕೊಡಲಿ. ನಿನ್ನ ಅಪ್ಪನ ಗೋರಿ ತಣ್ಣಗಿರಲಿ.

ಇಂತಿ,
ನಿನ್ನ ದೊಡ್ಡಪ್ಪ ಫಲಾಹ್, ರಮ್ಥಾ

ಅಕ್ಟೋಬರ್ ಒಂಬತ್ತು, ಗುರುವಾರದೊಳಗೆ ಉತ್ತರ ಬೇಕು. ಫೋನಿನಲ್ಲಲ್ಲ, ಕಾಗದದಲ್ಲೂ ಅಲ್ಲ. ಫಿದ್ದಾಳ ಬಾಯಿಂದ ಬರಬೇಕು.